ಶನಿವಾರದ ಪಿಜ್ಜಾ ಬಿಡದೆ ತೂಕ ಇಳಿಸಲು ಸಾಧ್ಯವೇ?

ತುಂಗಾತೀರ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಅಡುಗೆ ಚರ್ಚೆಗಳನ್ನು ಎರಡು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 43 ವರ್ಷ. ಎತ್ತರ 157 ಸೆಂಟಿಮೀಟರ್, ತೂಕ 71 ಕಿಲೋ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯಲ್ಲಿ ನಿಂತಿದೆ ಎಂದು ತಿಳಿಯಿತು. ಸದ್ಯಕ್ಕೆ ಮಾತ್ರೆ ಬೇಡ, ಎಂಟು ಹತ್ತು ಕಿಲೋ ಇಳಿಸಿಕೊಂಡು ಬನ್ನಿ ಎಂದರು ವೈದ್ಯರು. ನಮ್ಮ ಕಡೆಯ ಒಂದು ತೂಕ ಇಳಿಸುವ ಕೇಂದ್ರಕ್ಕೆ ಹಣ ಕಟ್ಟಿದೆ. ಅವರು ಕೊಟ್ಟ ಪಟ್ಟಿಯಲ್ಲಿ ‘ಸಂಪೂರ್ಣ ನಿಷಿದ್ಧ’ ಎಂಬ ಕಲಮಿನಲ್ಲಿ ಮೊದಲ ಹೆಸರೇ ಪಿಜ್ಜಾ.

ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ಯಜಮಾನರ ಕೆಲಸ ಪಾಳಿಯದು, ವಾರದಲ್ಲಿ ಐದು ದಿನ ಮನೆ ಸೇರುವಾಗ ರಾತ್ರಿ ಹನ್ನೊಂದು. ನಾನು ಫೋರ್ಟ್‌ನ ಕಚೇರಿಯಿಂದ ಲೋಕಲ್ ಹಿಡಿದು ಬರುವಾಗ ಎಂಟೂವರೆ. ಮಗ ಹತ್ತನೆಯ ತರಗತಿ, ಟ್ಯೂಷನ್ ಮುಗಿಸಿ ತಾನೇ ಬಡಿಸಿಕೊಂಡು ಉಂಡಿರುತ್ತಾನೆ. ಮೂವರೂ ಒಟ್ಟಿಗೆ ಕೂರುವುದು ಶನಿವಾರ ರಾತ್ರಿ ಮಾತ್ರ. ನೆಲದ ಮೇಲೆ ಪತ್ರಿಕೆ ಹಾಸಿ, ನಡುವೆ ಪಿಜ್ಜಾ ಇಟ್ಟು, ವಾರದ ಸುದ್ದಿಯನ್ನೆಲ್ಲ ಆಡಿಕೊಂಡು ತಿನ್ನುತ್ತೇವೆ. ಮಗ ಆರು ವರ್ಷದವನಿದ್ದಾಗಿನಿಂದ ಇದು ನಡೆದು ಬಂದಿದೆ.

ಪಟ್ಟಿ ಬಂದ ಮೇಲೆ ಮೂರು ಶನಿವಾರ ನಾನು ಸೌತೆಕಾಯಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತೆ. ಮೂರನೆಯ ಶನಿವಾರ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಕತ್ತಲಲ್ಲಿ ನಿಂತು ತಣ್ಣಗಾಗಿದ್ದ ಎರಡು ತುಂಡು, ಮಗ ಬಿಟ್ಟಿದ್ದ ಅಂಚುಗಳು, ಎಲ್ಲವನ್ನೂ ತಿಂದೆ. ಅವನು ನೀರು ಕುಡಿಯಲು ಎದ್ದು ಬಂದವನು ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಮುಂದಿನ ಶನಿವಾರ, "ನನಗೂ ಪಿಜ್ಜಾ ಬೇಡಮ್ಮ" ಎಂದು ತನ್ನ ತಟ್ಟೆ ಹಿಡಿದು ಕೋಣೆಗೆ ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶನಿವಾರವನ್ನು ಉಳಿಸಿಕೊಂಡು ತೂಕ ಇಳಿಸುವ ದಾರಿ ಇದೆಯೇ? ಸಮಾಧಾನದ ಮಾತು ಬೇಡ, ದಯವಿಟ್ಟು ಲೆಕ್ಕ ಹೇಳಿ.

ಕಟ್ಟುನಿಟ್ಟು, ಅಂಧೇರಿ

ಅಕ್ಕ, ನಿಮಗೆ ನೋವಾಗಬಹುದು, ಆದರೂ ನನ್ನ ಅನುಭವ ಹೇಳಬೇಕು. ನಾನು ಒಂದೂವರೆ ವರ್ಷದಲ್ಲಿ 14 ಕಿಲೋ ಇಳಿಸಿದೆ. ಪಿಜ್ಜಾ, ವಡಾಪಾವ್, ಬೇಕರಿಯ ಖಾರಿ, ಎಲ್ಲವನ್ನೂ ಒಂದೇ ದಿನ ಬಿಟ್ಟೆ. ‘ವಾರಕ್ಕೊಮ್ಮೆ ಎರಡೇ ತುಂಡು’ ಎಂದು ಮೊದಲು ನಾನೂ ಪ್ರಯತ್ನಿಸಿದ್ದೆ. ನನ್ನ ಕೈಯಲ್ಲಿ ಎರಡು ತುಂಡು ಆರಾಗುತ್ತಿತ್ತು. ಕೆಲವರಿಗೆ ಬಾಗಿಲು ಪೂರ್ತಿ ಮುಚ್ಚುವುದೇ ಸುಲಭ, ಅರ್ಧ ತೆರೆದಿಟ್ಟರೆ ಕಾಯುವ ಕೆಲಸ ಹೆಚ್ಚು. ನೀವು ಯಾವ ಸ್ವಭಾವದವರು ಎಂಬುದನ್ನು ಮೊದಲು ನೋಡಿಕೊಳ್ಳಿ.

ತಟ್ಟೆಲೆಕ್ಕ, ಮುಲುಂಡ್

ನಾನು ಆಹಾರತಜ್ಞೆ, ಹದಿನಾರು ವರ್ಷದಿಂದ ಇದೇ ಕೆಲಸ. ಕಟ್ಟುನಿಟ್ಟು ಅವರು ಹೇಳಿದ್ದು ಸುಳ್ಳಲ್ಲ, ಅಂಥವರನ್ನು ಕಂಡಿದ್ದೇನೆ. ಆದರೆ ತುಂಗಾತೀರ ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಅವರು ಮೂರು ವಾರ ಬಾಗಿಲು ಮುಚ್ಚಿಯೇ ನೋಡಿದ್ದಾರೆ. ಅದು ತೆರೆದುಕೊಂಡದ್ದು ನಡುರಾತ್ರಿ, ಕತ್ತಲಲ್ಲಿ, ತಣ್ಣನೆಯ ತುಂಡಿನ ಮುಂದೆ.

ಲೆಕ್ಕ ಕೇಳಿದ್ದೀರಿ, ಹೇಳುತ್ತೇನೆ. ನಿಮ್ಮ ಎತ್ತರಕ್ಕೆ ಈ ತೂಕದಲ್ಲಿ ದೇಹತೂಕ ಸೂಚ್ಯಂಕ (ಬಿಎಂಐ) 28.8. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ, ಏಕೆಂದರೆ ನಮ್ಮಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು. ಒಂದು ಟೇಪು ತೆಗೆದುಕೊಂಡು ಇವತ್ತೇ ಅಳೆದು ಬರೆದಿಡಿ. ತಕ್ಕಡಿ ಹೇಳದ್ದನ್ನು ಟೇಪು ಹೇಳುತ್ತದೆ.

ನಿಮ್ಮ ಓಡಾಟಕ್ಕೆ ದಿನಕ್ಕೆ ಸುಮಾರು 1800 ಕಿಲೋಕ್ಯಾಲರಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. 1400 ತಿಂದರೆ ದಿನಕ್ಕೆ 400 ಕೊರತೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕಿಲೋಕ್ಯಾಲರಿ ಅಡಗಿರುತ್ತದೆ. ಅಂದರೆ ತಿಂಗಳಿಗೆ ಒಂದೂವರೆ ಕಿಲೋ ಇಳಿಯುತ್ತದೆ, ಹತ್ತು ಕಿಲೋಗೆ ಆರೇಳು ತಿಂಗಳು. ತೂಕ ಇಳಿದಂತೆ ಖರ್ಚೂ ಸ್ವಲ್ಪ ಇಳಿಯುವುದರಿಂದ ಕೊನೆಯ ಎರಡು ಕಿಲೋ ನಿಧಾನ. ಅವಸರ ಮಾಡಬೇಡಿ.

ಈಗ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. ವಾರಕ್ಕೆ 9800. ಉಳಿದ ರಾತ್ರಿಗಳಲ್ಲಿ ನೀವು 450 ಉಣ್ಣುತ್ತೀರಿ, ಶನಿವಾರ 750 ಉಂಡಿರಿ ಎಂದಾದರೆ ಹೆಚ್ಚಾದದ್ದು 300. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿ ಸುಮಾರು 100, ಅರ್ಧ ಚಪಾತಿ 50. ಉಳಿದ ಆರು ದಿನ ಅರ್ಧರ್ಧ ಚಪಾತಿ ಕಡಿಮೆ ಮಾಡಿದರೆ ಶನಿವಾರದ ಸಾಲ ತೀರಿತು. ಆದರೆ ಒಂದು ಷರತ್ತಿದೆ. ರಾತ್ರಿ ಪಿಜ್ಜಾ ಇದೆಯೆಂದು ಶನಿವಾರ ಹಗಲೆಲ್ಲ ಹಸಿದುಕೊಂಡಿರಬೇಡಿ. ಹಸಿದ ಹೊಟ್ಟೆ ಎಣಿಸುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇನ್ನೊಂದು: ಶನಿವಾರ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ನೀವು ಬಾಯಿಗೆ ಹಾಕಿಕೊಳ್ಳುವುದನ್ನೆಲ್ಲ ಬರೆಯಿರಿ. ಒಂದನ್ನೂ ಬಿಡಬೇಡಿ.

ತುಂಗಾತೀರ, ಡೊಂಬಿವಲಿ

ಬರೆಯುತ್ತೇನೆ. ಪಟ್ಟಿ ಬರುವ ಮೊದಲು ಹೀಗಿತ್ತು. ಸಂಜೆ ಕಚೇರಿಯಲ್ಲಿ ಸಕ್ಕರೆ ಹಾಕಿದ ಚಹಾ. ಡೊಂಬಿವಲಿಯಲ್ಲಿ ಇಳಿದ ಕೂಡಲೇ ಹಸಿವು ತಡೆಯಲಾರದೆ ಸ್ಟೇಷನ್ ಹೊರಗೆ ಒಂದು ವಡಾಪಾವ್. ಮನೆಯಲ್ಲಿ ಮೂವರಿಗೆ ಹತ್ತು ಇಂಚಿನ ಎರಡು ಪಿಜ್ಜಾ, ಒಂದು ಗಾರ್ಲಿಕ್ ಬ್ರೆಡ್, ಒಂದು ದೊಡ್ಡ ಬಾಟಲಿ ತಂಪು ಪಾನೀಯ. ನನ್ನ ಪಾಲಿಗೆ ನಾಲ್ಕು ತುಂಡು ಬರುತ್ತಿತ್ತು, ಜೊತೆಗೆ ಮಗ ಬಿಟ್ಟ ಅಂಚುಗಳು. ಅನ್ನ ಬಿಸಾಡಬಾರದು ಎಂದು ಅಮ್ಮ ಕಲಿಸಿದ್ದಾರೆ, ಹಾಗಾಗಿ ಅಂಚನ್ನು ಬಿಡಲು ಮನಸ್ಸು ಬರುವುದಿಲ್ಲ.

ತಟ್ಟೆಲೆಕ್ಕ, ಮುಲುಂಡ್

ಈಗ ನೋಡಿ. ವಡಾಪಾವ್ ಸುಮಾರು 300. ತಂಪು ಪಾನೀಯ 300 ಮಿಲಿಲೀಟರ್ ಕುಡಿದಿದ್ದರೂ ಅದರಲ್ಲಿ 30 ಗ್ರಾಂ ದಾಟಿ ಸಕ್ಕರೆ, ಆರು ಟೀ ಚಮಚ, ಸುಮಾರು 130. ಗಾರ್ಲಿಕ್ ಬ್ರೆಡ್ ಎರಡು ತುಂಡಿಗೆ 150 ಹಿಡಿಯಿರಿ. ಪಿಜ್ಜಾದ ಒಂದು ತುಂಡನ್ನೂ ಎಣಿಸುವ ಮೊದಲೇ ಆರುನೂರರ ಹತ್ತಿರ ಬಂದಿದ್ದೀರಿ. ಒಂದು ರಾತ್ರಿಯ ಊಟಕ್ಕಿಂತ ಹೆಚ್ಚು.

ಆ ಪಟ್ಟಿ ಕೊಟ್ಟವರು ಪಿಜ್ಜಾವನ್ನು ಹೊಡೆದು ಹಾಕುವ ಬದಲು ಈ ಪ್ರಶ್ನೆ ಕೇಳಿದ್ದರೆ ನೀವು ಆ ಮೂರು ಶನಿವಾರಗಳನ್ನು ಕಳೆದುಕೊಳ್ಳುತ್ತಿರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪಟ್ಟಿಯೊಂದನ್ನು ಕೈಗಿತ್ತು ಕಳಿಸುವುದು ಚಿಕಿತ್ಸೆಯಲ್ಲ.

ಮೊದಲ ಕೆಲಸ: ಸಂಜೆ ಐದೂವರೆಗೆ, ರೈಲು ಹತ್ತುವ ಮೊದಲು, ಒಂದು ಹಿಡಿ ಹುರಿಗಡಲೆ ಮತ್ತು ಒಂದು ಹಣ್ಣು. ವಡಾಪಾವ್ ಅಂಗಡಿಯ ಮುಂದೆ ಹಾದುಹೋಗುವಾಗ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಎರಡನೆಯದು, ಪಿಜ್ಜಾಕ್ಕೆ ಮುಂಚೆ ಒಂದು ದೊಡ್ಡ ಬಟ್ಟಲು ಹೆಸರುಬೇಳೆ ಕೋಸಂಬರಿ. ಮೂವರೂ ತಿನ್ನಬೇಕು, ನೀವೊಬ್ಬರೇ ಅಲ್ಲ. ನೆನೆಸಿದ ಬೇಳೆ, ಸೌತೆ, ಕ್ಯಾರೆಟ್ ತುರಿ, ನಿಂಬೆ, ಒಂದೇ ಚಮಚ ಕಾಯಿತುರಿ. ಒಣ ಹೆಸರುಬೇಳೆಯ ನೂರು ಗ್ರಾಂನಲ್ಲಿ 24 ಗ್ರಾಂನಷ್ಟು ಪ್ರೋಟೀನ್ ಇದೆ. ನಮ್ಮ ಹಬ್ಬದ ಎಲೆಯಲ್ಲಿ ಕೋಸಂಬರಿ ಮೊದಲೇ ಬರುತ್ತದಲ್ಲವೇ, ಆ ಕ್ರಮ ಶನಿವಾರಕ್ಕೂ ಒಪ್ಪುತ್ತದೆ. ಕುಡಿಯಲು ನೀರು ಮಜ್ಜಿಗೆ.

ಹೊರಗಿನಿಂದ ತರಿಸುವುದಾದರೆ, ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಪ್ರತಿ ತಿನಿಸಿನ ಕಿಲೋಕ್ಯಾಲರಿಯನ್ನು ಮೆನುವಿನಲ್ಲಿ ತೋರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಅಂಕಿ ಅಲ್ಲೇ ಇರುತ್ತದೆ, ನಾವು ನೋಡುವುದಿಲ್ಲ ಅಷ್ಟೇ. ಆದರೆ ಆ ಅಂಕಿ ಒಂದು ತುಂಡಿನದೋ ಇಡೀ ಪಿಜ್ಜಾದ್ದೋ ಎಂದು ಗಮನಿಸಿ.

ಫಾಸ್ಟ್ ಲೋಕಲ್, ಐರೋಲಿ

ಅಕ್ಕಂದಿರೇ, ನಾನು ಹುಬ್ಬಳ್ಳಿಯವನು, ವಯಸ್ಸು 25. ನಾಲ್ವರು ಒಂದು ಕೋಣೆಯಲ್ಲಿದ್ದೇವೆ, ಓವನ್ ಇಲ್ಲ. ಶುಕ್ರವಾರ ‘ಒಂದಕ್ಕೆ ಒಂದು ಉಚಿತ’ ಎಂದು ಮೊಬೈಲಿನಲ್ಲಿ ಸಂದೇಶ ಬಂತೆಂದರೆ ತರಿಸುವುದೇ. ಮುಂಬೈಗೆ ಬಂದ ಎರಡು ವರ್ಷದಲ್ಲಿ 9 ಕಿಲೋ ಏರಿದ್ದೇನೆ. ನಾನು ಕಂಡುಕೊಂಡ ಒಂದು ವಿಷಯ ಹಂಚಿಕೊಳ್ಳುತ್ತೇನೆ. ಏಳು ಇಂಚಿಗೂ ಹತ್ತು ಇಂಚಿಗೂ ಮೂರೇ ಇಂಚು ವ್ಯತ್ಯಾಸ ಎಂದುಕೊಂಡಿದ್ದೆ. ಶಾಲೆಯಲ್ಲಿ ಕಲಿತ ವೃತ್ತದ ವಿಸ್ತೀರ್ಣ ನೆನಪಾಯಿತು. ಏಳರ ವರ್ಗ 49, ಹತ್ತರ ವರ್ಗ 100. ಅಂದರೆ ಹತ್ತು ಇಂಚಿನದು ಏಳು ಇಂಚಿನದಕ್ಕಿಂತ ಎರಡು ಪಟ್ಟು. ಹನ್ನೆರಡು ಇಂಚಿನದು ಸುಮಾರು ಮೂರು ಪಟ್ಟು. ‘ಒಬ್ಬನಿಗೆ ಒಂದು ಪಿಜ್ಜಾ’ ಎನ್ನುವಾಗ ಯಾವ ಅಳತೆಯ ಪಿಜ್ಜಾ ಎಂಬುದೇ ಮುಖ್ಯ.

ಇನ್ನೊಂದು ಪ್ರಶ್ನೆ. ಡಬ್ಬಿ ತೆರೆದಿಟ್ಟು ಸಿನಿಮಾ ನೋಡುತ್ತ ತಿನ್ನುವ ನಮ್ಮಂಥವರು ಏನು ಮಾಡಬೇಕು?

ತಟ್ಟೆಲೆಕ್ಕ, ಮುಲುಂಡ್

ತಮ್ಮ, ಡಬ್ಬಿಯಿಂದ ತಿನ್ನಬೇಡ. ಎರಡೋ ಮೂರೋ ತುಂಡನ್ನು ತಟ್ಟೆಗೆ ಹಾಕಿಕೊಂಡು, ಉಳಿದದ್ದನ್ನು ಮುಚ್ಚಿ, ಕುಳಿತುಕೊಳ್ಳುವ ಮೊದಲೇ ಫ್ರಿಜ್‌ಗೆ ಸೇರಿಸು. ತಿಂದ ಮೇಲೆ ಎತ್ತಿಡುತ್ತೇನೆ ಎಂದರೆ ಆಗುವುದಿಲ್ಲ. ಮಾರನೆಯ ದಿನ ದಪ್ಪ ತಳದ ಒಣ ಕಾವಲಿಯ ಮೇಲೆ ತುಂಡನ್ನಿಟ್ಟು, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಹಾಕಿದರೆ ಮೂರು ನಿಮಿಷದಲ್ಲಿ ತಳ ಗರಿಯಾಗಿ ಚೀಸ್ ಮೆತ್ತಗಾಗುತ್ತದೆ.

ಉಡುಪಿ ಗಲ್ಲಾ, ಘಾಟ್ಕೋಪರ್

ನಮಸ್ಕಾರ. ನಾನು ಹದಿನೈದನೆಯ ವಯಸ್ಸಿನಲ್ಲಿ ಕುಂದಾಪುರದಿಂದ ಬಂದು ಟೇಬಲ್ ಒರೆಸುವುದರಿಂದ ಶುರು ಮಾಡಿದವನು. ಈಗ ಗಲ್ಲಾದಲ್ಲಿ ಕೂರುತ್ತೇನೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಇಡ್ಲಿ ದೋಸೆಯ ಜೊತೆ ಪಾವ್ ಭಾಜಿ ಬಂತು, ಚೈನೀಸ್ ಬಂತು, ಆಮೇಲೆ ಪಿಜ್ಜಾವೂ ಬಂತು. ನಮ್ಮಲ್ಲಿ ಓವನ್ ಇಲ್ಲ, ಕಾವಲಿಯ ಮೇಲೆ ಮಾಡುವ ತವಾ ಪಿಜ್ಜಾ. ಸಂಜೆ ಹೊತ್ತು ಕಾಲೇಜಿನ ಮಕ್ಕಳಿಂದ ಹಿಡಿದು ಅಜ್ಜಿಯರವರೆಗೆ ಕೇಳಿ ತಿನ್ನುತ್ತಾರೆ.

ಈ ಚರ್ಚೆ ಓದಿದ ಮೇಲೆ ನಿನ್ನೆ ಅಡುಗೆಮನೆಗೆ ತಕ್ಕಡಿ ತೆಗೆದುಕೊಂಡು ಹೋದೆ. ನಮ್ಮ ಭಟ್ಟರಿಗೆ ‘ನೀವು ಎಂದಿನಂತೆ ಮಾಡಿ, ನಾನು ತೂಗುತ್ತೇನೆ’ ಎಂದೆ. ಬೇಕರಿಯಿಂದ ಬರುವ ಬೇಸ್ ಒಂದಕ್ಕೆ 110 ಗ್ರಾಂ. ಕಾವಲಿಗೆ ಹಾಕುವ ಬೆಣ್ಣೆ ಮತ್ತು ಮೇಲೆ ಸವರುವ ಬೆಣ್ಣೆ ಸೇರಿ 20 ಗ್ರಾಂ. ಚೀಸ್ ಎರಡು ಮುಷ್ಟಿ, 80 ಗ್ರಾಂ. ಇದು ಸಾದಾ ಪಿಜ್ಜಾ. ಸ್ಪೆಷಲ್ ಎಂದರೆ ಇದರ ಮೇಲೆ ಮೇಯೊನೀಸ್ ಬೇರೆ.

ತಟ್ಟೆಲೆಕ್ಕ ಅಮ್ಮ, ಇದನ್ನು ಲೆಕ್ಕ ಹಾಕಿ ಹೇಳುತ್ತೀರಾ?

ತಟ್ಟೆಲೆಕ್ಕ, ಮುಲುಂಡ್

ಅಣ್ಣ, ತಕ್ಕಡಿ ಹಿಡಿದು ಹೋದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಬೇಸ್ ಸುಮಾರು 300, ಬೆಣ್ಣೆ 145, ಚೀಸ್ 250, ಸಾಸ್ ತರಕಾರಿ ಸೇರಿ 30. ಒಟ್ಟು 725ರ ಆಸುಪಾಸು. ಅದೇ ಬೇಸ್ ಇಟ್ಟುಕೊಂಡು ಬೆಣ್ಣೆಯನ್ನು ಒಂದು ಸಣ್ಣ ಚಮಚಕ್ಕೆ, ಚೀಸನ್ನು ಒಂದು ಮುಷ್ಟಿಗೆ ಇಳಿಸಿ, ಈರುಳ್ಳಿ ದೊಣ್ಣೆಮೆಣಸಿನಕಾಯಿ ದುಪ್ಪಟ್ಟು ಹಾಕಿದರೆ ಐನೂರರೊಳಗೆ ಬರುತ್ತದೆ. ಕೊಬ್ಬು ಗ್ರಾಂಗೆ 9 ಕಿಲೋಕ್ಯಾಲರಿ, ಹಿಟ್ಟು ಗ್ರಾಂಗೆ 4ಕ್ಕಿಂತ ಕಡಿಮೆ. ಎಲ್ಲರೂ ಮೈದಾವನ್ನು ಬೈಯುತ್ತಾರೆ, ಇಲ್ಲಿ ಕೈ ಬಿಗಿಹಿಡಿಯಬೇಕಾದದ್ದು ಬೆಣ್ಣೆ ಚೀಸಿನ ಕಡೆ.

ಉಡುಪಿ ಗಲ್ಲಾ, ಘಾಟ್ಕೋಪರ್

ಹಾಗಾದರೆ ಗಿರಾಕಿಗಳಿಗೆ ನನ್ನದೊಂದು ಮಾತು. ಮುಂಬೈಯಲ್ಲಿ, ಅದರಲ್ಲೂ ಘಾಟ್ಕೋಪರಿನಲ್ಲಿ, ಪ್ರತಿ ಮೂರನೆಯ ಟೇಬಲಿನಿಂದ ‘ಜೈನ್’ ಎಂಬ ಆರ್ಡರ್ ಬರುತ್ತದೆ. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗಡ್ಡೆ ಬೇಡ. ನಮ್ಮ ಅಡುಗೆಮನೆಗೆ ಅದು ರೂಢಿಯಾಗಿದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಹಾಗೆಯೇ ನೀವು ‘ಬೆಣ್ಣೆ ಕಡಿಮೆ, ಚೀಸ್ ಅರ್ಧ, ಮೇಯೊನೀಸ್ ಬೇಡ’ ಎಂದು ಹೇಳಿ. ಆರ್ಡರ್ ತೆಗೆದುಕೊಳ್ಳುವ ಹುಡುಗ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಕೇಳಲು ಸಂಕೋಚಪಟ್ಟು, ಬಂದದ್ದನ್ನು ತಿಂದು, ಮನೆಗೆ ಹೋಗಿ ಕೊರಗುವವರನ್ನು ನಾನು ಬಹಳ ನೋಡಿದ್ದೇನೆ.

ಚೀಸಿನ ಬಗ್ಗೆಯೂ ಹೇಳಬೇಕು. ಹಾಲಿನ ಕೊಬ್ಬಿನ ಬದಲು ತಾಳೆಯೆಣ್ಣೆ ಸೇರಿಸಿ ಮಾಡಿದ ಅನಲಾಗ್ ಎಂಬ ಮಾಲು ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಮನೆಗೆ ತರುವಾಗ ಪೊಟ್ಟಣದ ಹಿಂಭಾಗ ಓದಿ. ಹಾಲು ಎಂದಿರಬೇಕಾದ ಕಡೆ ಖಾದ್ಯ ತೈಲ ಎಂದಿದ್ದರೆ ಅದು ಚೀಸ್ ಅಲ್ಲ. ನಾನು ಅದನ್ನು ಅಡುಗೆಮನೆಯೊಳಗೆ ಬಿಟ್ಟಿಲ್ಲ.

ಬಿಳಿಜೋಳ, ಕಲ್ಯಾಣ್

ನಾನು ವಿಜಯಪುರದವಳು. ಮೈದಾ ಯಾಕೆ ಬೇಕ್ರಿ? ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನೇ ಬೇಸ್ ಮಾಡಿ. ಮೇಲೆ ಟೊಮ್ಯಾಟೊ ಗೊಜ್ಜು, ಈರುಳ್ಳಿ, ಸ್ವಲ್ಪ ಚೀಸ್. ಮುಚ್ಚಿಟ್ಟರೆ ಎರಡು ನಿಮಿಷ. ಕಲ್ಯಾಣದ ಮಾರುಕಟ್ಟೆಯಲ್ಲಿ ಸೊಲ್ಲಾಪುರದ ಕಡೆಯ ಒಳ್ಳೆಯ ಜೋಳ ಸಿಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಇದಕ್ಕೆ ಶೇಂಗಾ ಚಟ್ನಿಪುಡಿಯನ್ನೂ ಉದುರಿಸಿಕೊಳ್ಳುತ್ತಾರೆ.

ಕಟ್ಟುನಿಟ್ಟು, ಅಂಧೇರಿ

ಒಳ್ಳೆಯ ಉಪಾಯ. ಜೋಳದಲ್ಲಿ ಕ್ಯಾಲರಿಯೂ ಕಡಿಮೆ.

ತಟ್ಟೆಲೆಕ್ಕ, ಮುಲುಂಡ್

ಇಲ್ಲಿ ಒಂದು ತಿದ್ದುಪಡಿ ಬೇಕು. ಜೋಳ, ಗೋಧಿ, ಮೈದಾ, ಮೂರರಲ್ಲೂ ನೂರು ಗ್ರಾಂ ಹಿಟ್ಟಿಗೆ ಕ್ಯಾಲರಿ 330ರಿಂದ 350ರ ಒಳಗೇ ಇದೆ. ಜೋಳ ಗೋಧಿಗಳ ಲಾಭ ಇರುವುದು ನಾರಿನಲ್ಲಿ, ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಇರುವುದರಲ್ಲಿ. ‘ಸಿರಿಧಾನ್ಯದ ಪಿಜ್ಜಾ’ ಎಂಬ ಹೆಸರು ನೋಡಿ ಇಡೀ ಒಂದನ್ನು ತಿಂದು, ತೂಕ ಏಕೆ ಇಳಿಯಲಿಲ್ಲ ಎಂದು ಕೇಳಿಕೊಂಡು ಬರುವವರು ನನ್ನ ಬಳಿ ಇದ್ದಾರೆ.

ತುಂಗಾತೀರ, ಡೊಂಬಿವಲಿ

ಬಿಳಿಜೋಳ ಅವರೇ, ಬುಧವಾರ ಮಾಡಿ ನೋಡಿದೆ. ನನಗೆ ಬಹಳ ಹಿಡಿಸಿತು. ಮಗ ಮಾತ್ರ, "ರುಚಿ ಚೆನ್ನಾಗಿದೆ, ಆದರೆ ಇದು ರೊಟ್ಟಿ, ಪಿಜ್ಜಾ ಅಲ್ಲ" ಎಂದ. ಅವನ ಮಾತೂ ಸರಿ. ಶನಿವಾರಕ್ಕೆ ಹುಳಿಬಂದ ಹಿಟ್ಟಿನದೇ ಬೇಕು. ಗೋಧಿ ಅರ್ಧ ಮೈದಾ ಅರ್ಧ ಹಾಕಿದರೆ ಉಬ್ಬುತ್ತದೆಯೇ?

ಕಾಳಿ ನದಿ, ವಾಶಿ

ಉಬ್ಬುತ್ತದೆ. ನಾನು ಕಾರವಾರದವನು, ಹಡಗಿನಲ್ಲಿ ಎಂಜಿನಿಯರ್. ನೇಪಲ್ಸ್ ಬಂದರಿನಲ್ಲಿ ನಾಲ್ಕು ದಿನ ನಿಂತಿದ್ದಾಗ ನಾನು ಪಿಜ್ಜಾವನ್ನು ಮೊದಲ ಬಾರಿಗೆ ಅದರ ಊರಿನಲ್ಲಿ ತಿಂದೆ. ಹಿಟ್ಟಿಗೆ ನೀರು, ಉಪ್ಪು, ಯೀಸ್ಟ್ ಬಿಟ್ಟರೆ ಇನ್ನೇನೂ ಇಲ್ಲ. ನಡುಭಾಗ ದೋಸೆಯಷ್ಟು ತೆಳು. ಚೀಸ್ ಅಲ್ಲಲ್ಲಿ ಬಿಳಿ ಮಚ್ಚೆಗಳ ಹಾಗೆ, ನಡುವೆ ಟೊಮ್ಯಾಟೊದ ಕೆಂಪು ಕಾಣಿಸುತ್ತಿರುತ್ತದೆ. 430 ಡಿಗ್ರಿಗಿಂತ ಹೆಚ್ಚು ಕಾಯ್ದ ಸೌದೆಯ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಆ ಊರಿನ ಪಿಜ್ಜಾ ತಟ್ಟುವ ಕಲೆಯನ್ನು ಯುನೆಸ್ಕೋ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಸುತ್ತ ಕೂತಿದ್ದವರು ಒಂದನ್ನು ತಿಂದು, ನೀರು ಕುಡಿದು, ಎದ್ದು ಹೋಗುತ್ತಿದ್ದರು. ನಾವು ಇಲ್ಲಿ ಅದರ ಮೇಲೆ ಚೀಸ್ ಹೇರಿ, ಒಳಗೆ ಚೀಸ್ ತುಂಬಿ, ಅಂಚಿಗೂ ಚೀಸ್ ಸುತ್ತಿ ಬೇರೊಂದು ತಿನಿಸು ಮಾಡಿಕೊಂಡಿದ್ದೇವೆ.

ಮನೆಯ ಅಳತೆ ಹೇಳುತ್ತೇನೆ. ಹತ್ತು ಇಂಚಿನ ಒಂದಕ್ಕೆ ಗೋಧಿಹಿಟ್ಟು 75 ಗ್ರಾಂ, ಮೈದಾ 75 ಗ್ರಾಂ, ನೀರು 100 ಮಿಲಿಲೀಟರ್, ಯೀಸ್ಟ್ ಅರ್ಧ ಟೀ ಚಮಚ, ಉಪ್ಪು ಅರ್ಧಕ್ಕಿಂತ ಕಡಿಮೆ. ಗೋಧಿ ನೀರು ಹೆಚ್ಚು ಕುಡಿಯುತ್ತದೆ, ಹಿಟ್ಟು ಕೈಗೆ ಅಂಟುವಂತಿದ್ದರೂ ಹೆದರಬೇಡಿ. ನಮ್ಮ ಮುಂಬೈ ಸೆಕೆಗೆ ಒಂದು ಗಂಟೆಯಲ್ಲಿ ದುಪ್ಪಟ್ಟಾಗುತ್ತದೆ. ಶುಕ್ರವಾರ ರಾತ್ರಿಯೇ ನಾದಿ ಫ್ರಿಜ್‌ನಲ್ಲಿಟ್ಟರೆ ಯೀಸ್ಟ್ ಕಾಲು ಚಮಚ ಸಾಕು, ರುಚಿಯೂ ಹೆಚ್ಚು. ಓವನ್ನನ್ನು ಅದರ ಗರಿಷ್ಠ ಶಾಖಕ್ಕೆ, 230 ಡಿಗ್ರಿಯೋ 250ಯೋ, ಇಪ್ಪತ್ತು ನಿಮಿಷ ಕಾಯಿಸಿಯೇ ಒಳಗಿಡಿ.

ತಟ್ಟೆಲೆಕ್ಕ, ಮುಲುಂಡ್

ಇದರ ಮೇಲೆ 80 ಗ್ರಾಂ ಮೊಝರೆಲ್ಲಾ, ಎರಡು ಟೀ ಚಮಚ ಎಣ್ಣೆ, ತಾಜಾ ಟೊಮ್ಯಾಟೊ ಸಾಸ್, ಕೈತುಂಬ ತರಕಾರಿ ಹಾಕಿದರೆ ಇಡೀ ಪಿಜ್ಜಾಕ್ಕೆ ಸುಮಾರು 920. ಎಂಟು ತುಂಡು ಮಾಡಿದರೆ ತುಂಡಿಗೆ 115. ತುಂಗಾತೀರ ಅವರೇ, ಮೂರು ತುಂಡು 345, ಕೋಸಂಬರಿ 150, ಮಜ್ಜಿಗೆ 40. ನಾನು ನಿಮಗೆ ಬಿಟ್ಟಿದ್ದ 750ರಲ್ಲಿ ಇನ್ನೂ ಉಳಿಯಿತು. ಅಂಚನ್ನು ಮಗನಿಗೇ ತಿನ್ನಲು ಹೇಳಿ. ಅಮ್ಮ ಕಲಿಸಿದ ಪಾಠ ಅವನಿಗೂ ಸಲ್ಲುತ್ತದೆ.

ಸಕ್ಕರೆ ಅಜ್ಜ, ಮಾಟುಂಗಾ

ಮಗಳೇ, ನಾನು ಇಪ್ಪತ್ತೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವವನು. ನಿನ್ನದು ಗಡಿಯಲ್ಲಿದೆ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ರಾತ್ರಿ ಎಂಟೂವರೆಗೆ ಮೂರು ತುಂಡು ಪಿಜ್ಜಾ ತಿಂದೆ. ಎರಡು ಗಂಟೆಯ ನಂತರ ಗ್ಲುಕೋಮೀಟರ್ 158 ತೋರಿಸಿತು, ಪರವಾಗಿಲ್ಲ ಎಂದುಕೊಂಡೆ. ರಾತ್ರಿ ಒಂದು ಗಂಟೆಗೆ ಎಚ್ಚರವಾಗಿ ನೋಡಿದರೆ 212. ಮರುದಿನ ವೈದ್ಯರು ವಿವರಿಸಿದರು: ಕೊಬ್ಬು ಹೆಚ್ಚಿರುವ ಊಟ ಜಠರದಿಂದ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಸಕ್ಕರೆ ಏರುವುದೂ ತಡವಾಗಿ. ಎರಡು ಗಂಟೆಯ ಅಂಕಿ ನಂಬಿ ಕುಳಿತರೆ ಮೋಸ ಹೋಗುತ್ತೇವೆ.

ಈಗ ನಾನು ಏಳು ಗಂಟೆಗೇ ತಿನ್ನುತ್ತೇನೆ, ಎರಡೇ ತುಂಡು, ಮತ್ತು ತಿಂದ ಮೇಲೆ ಫೈವ್ ಗಾರ್ಡನ್ಸ್ ಸುತ್ತ ಇಪ್ಪತ್ತು ನಿಮಿಷ ನಿಧಾನವಾಗಿ ನಡೆಯುತ್ತೇನೆ. ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು.

ಫಾಸ್ಟ್ ಲೋಕಲ್, ಐರೋಲಿ

ಅಜ್ಜ, ನಡೆದರೆ ತಿಂದದ್ದೆಲ್ಲ ಕರಗುತ್ತದೆಯೇ?

ತಟ್ಟೆಲೆಕ್ಕ, ಮುಲುಂಡ್

ಕರಗುವುದಿಲ್ಲ. ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 200 ಖರ್ಚಾಗುತ್ತದೆ, ಅಂದರೆ ಹೋಟೆಲಿನ ಒಂದು ತುಂಡಿನಷ್ಟು. ಊಟದ ನಂತರದ ನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ, ಅದಕ್ಕಾಗಿ ನಡೆಯಬೇಕು. ತಿಂದದ್ದಕ್ಕೆ ದಂಡ ಎಂದು ನಡೆಯಲು ಹೊರಟರೆ ನಡಿಗೆಯ ಮೇಲೂ ಬೇಸರ ಬರುತ್ತದೆ.

ತುಂಗಾತೀರ, ಡೊಂಬಿವಲಿ

ಮೊದಲ ಶನಿವಾರ ಮುಗಿಯಿತು. ಲೆಕ್ಕದಂತೆ ಮೂರು ತುಂಡು, ಕೋಸಂಬರಿ, ಮಜ್ಜಿಗೆ. ವಡಾಪಾವ್ ಅಂಗಡಿ ದಾಟಿ ಬಂದೆ. ಆದರೆ ಭಾನುವಾರ ಬೆಳಿಗ್ಗೆ ತಕ್ಕಡಿ ಹತ್ತಿದರೆ 900 ಗ್ರಾಂ ಏರಿದೆ. ಎಲ್ಲವನ್ನೂ ನೀವು ಹೇಳಿದಂತೆಯೇ ಮಾಡಿದ್ದೆ. ಕಣ್ಣಲ್ಲಿ ನೀರು ಬಂತು.

ತಟ್ಟೆಲೆಕ್ಕ, ಮುಲುಂಡ್

ಇಂದೇ ಬರೆದಿರಲ್ಲ, ಒಳ್ಳೆಯದಾಯಿತು. 900 ಗ್ರಾಂ ಕೊಬ್ಬು ಒಂದು ರಾತ್ರಿಯಲ್ಲಿ ಸೇರಬೇಕಾದರೆ ನಿಮ್ಮ ಖರ್ಚನ್ನು ಮೀರಿ ಸುಮಾರು 7000 ಕಿಲೋಕ್ಯಾಲರಿ ತಿಂದಿರಬೇಕು. ಹಾಗೆ ತಿಂದಿಲ್ಲ. ಇದು ನೀರು. ಚೀಸ್, ಸಾಸ್, ಹಿಟ್ಟು, ಮೂರರಲ್ಲೂ ಉಪ್ಪಿದೆ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುತ್ತಾರೆ, ಪಿಜ್ಜಾದ ರಾತ್ರಿ ಅದನ್ನು ದಾಟುವುದು ಸುಲಭ. ಉಪ್ಪು ನೀರನ್ನು ಹಿಡಿದಿಡುತ್ತದೆ. ಹಿಟ್ಟಿನ ಅಂಶ ದೇಹದಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುವಾಗಲೂ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರುತ್ತದೆ. ಜೊತೆಗೆ ರಾತ್ರಿಯ ಊಟದ ತೂಕವೇ ಇನ್ನೂ ಹೊಟ್ಟೆಯಲ್ಲಿದೆ. ಭಾನುವಾರ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿ. ಶುಕ್ರವಾರ ಬೆಳಿಗ್ಗೆ, ಶೌಚದ ನಂತರ, ಏನೂ ತಿನ್ನುವ ಮೊದಲು ತೂಗಿ. ವಾರಕ್ಕೆ ಅದೊಂದೇ ಸಲ.

ಇನ್ನೊಂದನ್ನು ನಿಮ್ಮ ಅಕ್ಕನಂತೆ ಹೇಳುತ್ತೇನೆ. ಮುಚ್ಚಿಟ್ಟುಕೊಂಡು ತಿನ್ನುವುದು, ತಿಂದ ಮೇಲೆ ತನ್ನನ್ನೇ ಹಳಿದುಕೊಳ್ಳುವುದು ಮತ್ತೆ ಮತ್ತೆ ಆಗುತ್ತಿದ್ದರೆ ವೈದ್ಯರ ಬಳಿ ಆ ಮಾತನ್ನೂ ಆಡಿ. ಅದಕ್ಕೂ ನೆರವು ಇದೆ.

ತುಂಗಾತೀರ, ಡೊಂಬಿವಲಿ

ಮತ್ತೆ ಆಗಿಲ್ಲ. ಆ ರಾತ್ರಿಯ ನಂತರ ಕತ್ತಲಲ್ಲಿ ನಿಂತು ತಿಂದಿಲ್ಲ. ತುಂಡುಗಳು ನನ್ನ ತಟ್ಟೆಯಲ್ಲೇ ಇರುವಾಗ ಅದರ ಅಗತ್ಯ ಬೀಳಲಿಲ್ಲ.

ಕಟ್ಟುನಿಟ್ಟು, ಅಂಧೇರಿ

ಅಕ್ಕ, ಇಷ್ಟೂ ದಿನ ಓದುತ್ತಿದ್ದೆ. ನನ್ನ ದಾರಿ ನನಗೆ ಸರಿಯಾಗಿತ್ತು, ಅದನ್ನು ಬಿಡುವುದಿಲ್ಲ. ಆದರೆ ಒಂದು ಸಂಗತಿ ಹೇಳಬೇಕು. ಆ ಒಂದೂವರೆ ವರ್ಷ ನಾನು ಗೆಳೆಯರ ಜೊತೆ ಒಮ್ಮೆಯೂ ಹೊರಗೆ ಊಟಕ್ಕೆ ಹೋಗಲಿಲ್ಲ. ಈಗ ಕರೆಯುವುದನ್ನೇ ಬಿಟ್ಟಿದ್ದಾರೆ. ನಾನು ಒಬ್ಬನೇ ಇರುವವನು. ನಿಮ್ಮ ಮನೆಯಲ್ಲಿ ಹದಿನೈದು ವರ್ಷದ ಹುಡುಗನಿದ್ದಾನೆ. ನೀವು ಆರಿಸಿಕೊಂಡದ್ದು ನನಗೆ ಅರ್ಥವಾಗುತ್ತದೆ.

ಉಡುಪಿ ಗಲ್ಲಾ, ಘಾಟ್ಕೋಪರ್

ತಮ್ಮ, ಅಂಧೇರಿಯಿಂದ ಘಾಟ್ಕೋಪರಿಗೆ ಮೆಟ್ರೋ ಇದೆ. ಒಂದು ಸಂಜೆ ಬನ್ನಿ. ಎಣ್ಣೆಯಿಲ್ಲದ ನೀರುದೋಸೆ ಮಾಡಿಸುತ್ತೇನೆ. ಒಟ್ಟಿಗೆ ಕುಳಿತು ತಿನ್ನೋಣ.

ತುಂಗಾತೀರ, ಡೊಂಬಿವಲಿ

ಇಂದು ಆರನೆಯ ಶುಕ್ರವಾರ. ತೂಕ 68.9. ಸೊಂಟ 93 ಇದ್ದದ್ದು 90. ತಟ್ಟೆಲೆಕ್ಕ ಅವರ ಲೆಕ್ಕದಲ್ಲಿ ಎರಡು ಕಿಲೋದ ಆಸುಪಾಸು ಇಳಿಯಬೇಕಿತ್ತು, ಅಷ್ಟೇ ಇಳಿದಿದೆ. ಆರು ಶನಿವಾರದಲ್ಲಿ ನಾಲ್ಕು ಮನೆಯ ಪಿಜ್ಜಾ. ಒಂದು ಹೊರಗಿನದು, ತೆಳು ಬೇಸಿನದು, ಮೆನುವಿನ ಅಂಕಿ ನೋಡಿ ತರಿಸಿದ್ದು. ಇನ್ನೊಂದು ಶನಿವಾರ ನಾದಿನಿಯ ಮನೆಯ ಸಮಾರಂಭವಿತ್ತು, ಅಂದು ಎಣಿಸಲಾಗಲಿಲ್ಲ. ಭಾನುವಾರದಿಂದ ಮತ್ತೆ ಎಂದಿನಂತೆ ಮುಂದುವರಿಸಿದೆ. ರಕ್ತ ಪರೀಕ್ಷೆ ಇನ್ನು ಆರು ವಾರಕ್ಕೆ. ಅಂಕಿ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.

ಕಾಳಿ ನದಿ ಅವರೇ, ಹಿಟ್ಟು ನಾದುವ ಕೆಲಸ ಈಗ ಮಗನದು. ಶುಕ್ರವಾರ ರಾತ್ರಿ ಓದು ಮುಗಿಸಿ ಅಡುಗೆಮನೆಗೆ ಬರುತ್ತಾನೆ. ತಕ್ಕಡಿಯಲ್ಲಿ 75 ಗ್ರಾಂ ಎಂದರೆ 75, ಒಂದು ಗ್ರಾಂ ಹೆಚ್ಚಾದರೂ ತೆಗೆಯುತ್ತಾನೆ. ಹೋದ ವಾರ ನಾದುತ್ತ, ತನಗೆ ಗಣಿತದ ಪರೀಕ್ಷೆಯ ಬಗ್ಗೆ ಭಯವಿದೆ ಎಂದು ಹೇಳಿದ. ಈ ವರ್ಷವೆಲ್ಲ ನಾನು ಕೇಳಿದಾಗ ‘ಏನಿಲ್ಲ’ ಎನ್ನುತ್ತಿದ್ದ ಹುಡುಗ.

ಮಳೆ ಶುರುವಾದ ಮೇಲೆ ಹಿಟ್ಟು ಬಹಳ ಅಂಟುತ್ತಿದೆ. ನೀರನ್ನು 100ರಿಂದ 90ಕ್ಕೆ ಇಳಿಸಬಹುದೇ?

ಕಾಳಿ ನದಿ, ವಾಶಿ

ಇಳಿಸಿ. ಜುಲೈ ಪೂರ್ತಿ 90 ಸಾಕು. ಕೈಗೆ ಹಿಟ್ಟಿನ ಬದಲು ಎರಡು ಹನಿ ಎಣ್ಣೆ ಸವರಿಕೊಂಡು ನಾದಲು ಮಗನಿಗೆ ಹೇಳಿ.